ಗಡಿಯಾರವಿಲ್ಲದ ಸರ್ಕ್ಯೂಟು

1937ರಲ್ಲಿ ಕ್ಲಾಡ್ ಶಾನನ್‌ಗೆ 21 ವರ್ಷ. ಅಮೆರಿಕದ ಎಂಐಟಿಯಲ್ಲಿ ಓದುತ್ತ, ಪ್ರೊಫೆಸರ್ ವ್ಯಾನವರ್ ಬುಷ್ ಕಟ್ಟಿದ್ದ ದೈತ್ಯ ಲೆಕ್ಕಯಂತ್ರವನ್ನು ನೋಡಿಕೊಳ್ಳುವ ಕೆಲಸ ಅವನದು. ಹಲ್ಲುಗಾಲಿ, ಸರಳುಗಳ ಆ ಯಂತ್ರಕ್ಕಿಂತ ಅದಕ್ಕೆ ಆಜ್ಞೆ ಕೊಡುವ ರಿಲೇ ಸ್ವಿಚ್ಚುಗಳ ಕಡೆಗೇ ಹುಡುಗನ ಗಮನ. ಟಕ್ ಎಂದರೆ ಹತ್ತಿತು, ಟಕ್ ಎಂದರೆ ಆರಿತು, ನಡುವೆ ಬೇರೇನಿಲ್ಲ. ಹಿಂದೆ ಮಿಶಿಗನ್‌ನಲ್ಲಿ ತತ್ತ್ವಶಾಸ್ತ್ರದ ತರಗತಿಯಲ್ಲಿ ಓದಿದ್ದ ಜಾರ್ಜ್ ಬೂಲ್‌ನ ಬೀಜಗಣಿತ ಅವನಿಗೆ ನೆನಪಾಯಿತು. ನಿಜ ಮತ್ತು ಸುಳ್ಳು ಎಂಬ ಎರಡೇ ಬೆಲೆಗಳಿಂದ ತರ್ಕವನ್ನೆಲ್ಲ ಲೆಕ್ಕ ಮಾಡಬಹುದು ಎಂದಿದ್ದ ಆ ಗಣಿತಜ್ಞನ ಸೂತ್ರಗಳು ರಿಲೇಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಒಪ್ಪಿದವು. ಅದನ್ನೇ ಬರೆದು ಎಂ.ಎಸ್. ಪದವಿಗೆ ಸಲ್ಲಿಸಿದ. ಇವತ್ತು ನಮ್ಮ ಜೇಬಿನಲ್ಲಿರುವ ಫೋನಿನ ಪ್ರತಿ ಚಿಪ್ಪಿಗೂ ಆ ಪ್ರಬಂಧವೇ ಅಜ್ಜ.

ಇಷ್ಟು ಕಥೆ ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು. ಅದೇ ಶಾನನ್ ಪಿಎಚ್.ಡಿ.ಗೆ ಏನು ಬರೆದ ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಆ ಪ್ರಬಂಧದ ವಿಷಯ ಅನುವಂಶೀಯತೆ! ಬುಷ್ ಅವರ ಸಲಹೆಯಂತೆ ಹುಡುಗ 1939ರ ಬೇಸಿಗೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ಗೆ ಹೋಗಿ ಬಾರ್ಬರಾ ಬರ್ಕ್ಸ್ ಎಂಬ ವಿಜ್ಞಾನಿಯ ಬಳಿ ಕೂತು, ಜೀನುಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಬೆರೆಯುತ್ತವೆ ಎಂಬುದಕ್ಕೂ ಒಂದು ಬೀಜಗಣಿತ ಕಟ್ಟಿದ. 1940ರಲ್ಲಿ ಪದವಿ ಸಿಕ್ಕಿತು. ಪ್ರಬಂಧವನ್ನು ಅವನು ಪ್ರಕಟಿಸಲೇ ಇಲ್ಲ. ಸರ್ಕ್ಯೂಟಿನ ಲೆಕ್ಕ ಒಂದು ಕೈಯಲ್ಲಿ, ಜೀನಿನ ಲೆಕ್ಕ ಇನ್ನೊಂದು ಕೈಯಲ್ಲಿ. ಎರಡನ್ನೂ ಜೋಡಿಸಿ ನೋಡುವ ಯೋಚನೆ ಆಗ ಬರುವಂತೆಯೂ ಇರಲಿಲ್ಲ. ಜೀನು ಎಂದರೆ ಡಿಎನ್‌ಎ ಎಂಬುದೇ 1940ರಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಜೀನೊಳಗೂ ಸ್ವಿಚ್ಚು ಇದೆ ಎಂದು ತೋರಿಸಿದವರು ಪ್ಯಾರಿಸ್‌ನವರು. ಪಾಸ್ತರ್ ಸಂಸ್ಥೆಯ ಅಟ್ಟದ ಮೇಲಿನ ಇಕ್ಕಟ್ಟಾದ ಪ್ರಯೋಗಾಲಯದಲ್ಲಿ ಆಂದ್ರೆ ಲ್ವೋಫ್ ಅವರ ತಂಡ ಇತ್ತು. ಅಲ್ಲಿ ಜಾಕ್ ಮೋನೊ ಎಂಬವರು ಇ. ಕೋಲೈ ಬ್ಯಾಕ್ಟೀರಿಯದ ಊಟದ ಅಭ್ಯಾಸ ನೋಡುತ್ತಿದ್ದರು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಎರಡನ್ನೂ ಬೆರೆಸಿ ಕೊಟ್ಟರೆ ಅದು ಮೊದಲು ಗ್ಲೂಕೋಸನ್ನಷ್ಟೇ ತಿಂದು ಮುಗಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬೆಳವಣಿಗೆ ನಿಲ್ಲುತ್ತದೆ. ಆ ಬಿಡುವಿನಲ್ಲಿ ಲ್ಯಾಕ್ಟೋಸ್ ಒಡೆಯುವ ಕಿಣ್ವವನ್ನು ತಯಾರಿಸಿಕೊಂಡು ಎರಡನೇ ಪಂಕ್ತಿಗೆ ಕೂರುತ್ತದೆ. ಬೇಕಾದಾಗ ಮಾತ್ರ ಕಿಣ್ವ ಬರುವುದು ಹೇಗೆ? ಅದೇ ಕಟ್ಟಡದಲ್ಲಿ ಫ್ರಾಂಸ್ವಾ ಜಾಕೊಬ್ ಇನ್ನೊಂದು ಒಗಟನ್ನು ಹಿಡಿದಿದ್ದರು. ಲ್ಯಾಂಬ್ಡಾ ಎಂಬ ವೈರಸ್ ಬ್ಯಾಕ್ಟೀರಿಯದೊಳಗೆ ತಲೆಮಾರುಗಟ್ಟಲೆ ನಿದ್ದೆ ಮಾಡಿ, ಒಂದು ದಿನ ಥಟ್ಟನೆ ಎದ್ದು ಮನೆಯನ್ನೇ ಒಡೆದು ಹೊರಬರುತ್ತದಲ್ಲ, ಅದು ಹೇಗೆ?

1958ರ ಜುಲೈ ಕೊನೆಯಲ್ಲಿ ಹೆಂಡತಿಯ ಜೊತೆ ಸಿನಿಮಾ ನೋಡುತ್ತ ಕೂತಿದ್ದಾಗ ಜಾಕೊಬ್ ಅವರಿಗೆ ಎರಡೂ ಒಗಟಿಗೆ ಉತ್ತರ ಒಂದೇ ಎಂದು ಹೊಳೆಯಿತು. ಎರಡರಲ್ಲೂ ಒಂದು ತಡೆ ಪ್ರೋಟೀನು ನೇರವಾಗಿ ಡಿಎನ್‌ಎ ಮೇಲೆಯೇ ಕೂತು ಜೀನನ್ನು ಆರಿಸಿಬಿಡುತ್ತದೆ. ಅದು ಎದ್ದರೆ ಜೀನು ಹತ್ತುತ್ತದೆ. ಮೋನೊ ಮೊದಲು ಒಪ್ಪಲಿಲ್ಲ. ಕಿಣ್ವದ ಪ್ರಮಾಣ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಇರುತ್ತದಲ್ಲ, ಬರೀ ಹತ್ತು–ಆರು ಎನ್ನುವ ಸ್ವಿಚ್ಚಿನಿಂದ ಅದು ಸಾಧ್ಯವೆ ಎಂಬ ಆಕ್ಷೇಪಕ್ಕೆ ಜಾಕೊಬ್ ಉತ್ತರ ಕಂಡುಕೊಂಡದ್ದು ಮಗನ ಆಟದಲ್ಲಿ. ವೇಗ ಏರಿಳಿಸುವ ಗುಂಡಿ ಇಲ್ಲದಿದ್ದರೂ ಆ ಮಗು ಸ್ವಿಚ್ಚನ್ನು ಬೇಗ ಬೇಗ ಹಾಕಿ ಆರಿಸಿ ತನ್ನ ಪುಟ್ಟ ವಿದ್ಯುತ್ ರೈಲನ್ನು ಬೇಕಾದ ವೇಗದಲ್ಲಿ ಓಡಿಸುತ್ತಿತ್ತು. ನಮ್ಮ ಎಲ್‌ಇಡಿ ದೀಪಗಳ ಬೆಳಕು ಕಡಿಮೆ ಮಾಡಲು ಇವತ್ತಿಗೂ ಬಳಸುವ ಉಪಾಯ ಇದೇ.

1961ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧ ಹೊರಬಂತು, 1965ರಲ್ಲಿ ಲ್ವೋಫ್ ಅವರನ್ನೂ ಸೇರಿಸಿ ಮೂವರಿಗೆ ನೊಬೆಲ್ ಬಂತು. ಲ್ಯಾಕ್ಟೋಸ್ ಇದೆಯೆ? ಗ್ಲೂಕೋಸ್ ಮುಗಿದಿದೆಯೆ? ಎರಡಕ್ಕೂ ಹೌದು ಎಂದಾಗ ಮಾತ್ರ ಜೀನು ಜೋರಾಗಿ ಓಡುತ್ತದೆ. ಡಿಪ್ಲೊಮಾ ಓದುವ ಹುಡುಗರಿಗೆ ಮೊದಲ ಸೆಮಿಸ್ಟರಿನಲ್ಲಿ ಕಲಿಸುವ ‘ಆ್ಯಂಡ್ ಗೇಟ್’ ಎಂದರೆ ಇಷ್ಟೇ ತಾನೆ?

ಇದಾದ ಮೇಲೆ ಮೂರು ದಶಕ ವಿಜ್ಞಾನಿಗಳು ಜೀವಕೋಶದ ಸರ್ಕ್ಯೂಟನ್ನು ಓದುವುದರಲ್ಲೇ ಇದ್ದರು. 1969ರಲ್ಲಿ ಸ್ಟುವರ್ಟ್ ಕಾಫ್‌ಮನ್ ಜೀನುಗಳ ಜಾಲವನ್ನು ಬೂಲ್‌ನ ಸೂತ್ರಗಳಲ್ಲಿ ಬರೆದು ಕಂಪ್ಯೂಟರಿನಲ್ಲಿ ಓಡಿಸಿದರು. 1973ರಲ್ಲಿ ಬ್ರಸೆಲ್ಸ್‌ನ ರೆನೆ ಥಾಮಸ್ ಜೀನುಗಳ ನಿಯಂತ್ರಣಕ್ಕೆ ಅದೇ ತರ್ಕಗಣಿತವನ್ನು ಅನ್ವಯಿಸಿದರು. 1977ರಲ್ಲಿ ಡೇನಿಯಲ್ ಗಿಲೆಸ್ಪಿ ಎಂಬ ಭೌತವಿಜ್ಞಾನಿ, ಬೆರಳೆಣಿಕೆಯ ಅಣುಗಳು ಮಾತ್ರ ಇರುವಲ್ಲಿ ರಾಸಾಯನಿಕ ಕ್ರಿಯೆಗಳು ಪಗಡೆ ಹಾಸಿನ ದಾಳ ಉರುಳಿದಂತೆ ನಡೆಯುವುದನ್ನು ಕಂಪ್ಯೂಟರಿನಲ್ಲಿ ನಿಖರವಾಗಿ ಆಡಿಸುವ ವಿಧಾನ ಕೊಟ್ಟರು. ಆಗ ಅದಕ್ಕೆ ಬೇಡಿಕೆ ಅಷ್ಟಕ್ಕಷ್ಟೆ. ಅದರ ಋಣ ಎಷ್ಟೆಂದು ಗೊತ್ತಾದದ್ದು 20 ವರ್ಷದ ಮೇಲೆ.

1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸ್ಟ್ಯಾನ್‌ಫರ್ಡ್‌ನ ದಂಪತಿಯೊಬ್ಬರ ಲೇಖನ ಬಂತು. ಹೆಂಡತಿ ಲೂಸಿ ಶಪಿರೊ ಹೆಸರಾಂತ ಜೀವವಿಜ್ಞಾನಿ. ಗಂಡ ಹಾರ್ಲಿ ಮ್ಯಾಕ್‌ಆ್ಯಡಮ್ಸ್ ಬೆಲ್ ಲ್ಯಾಬ್ಸ್‌ನಲ್ಲಿ ದುಡಿದು ಬಂದ ಸಿಸ್ಟಂ ಎಂಜಿನಿಯರ್. ಜಾಕೊಬ್ ಅವರ ಹಳೆಯ ಲ್ಯಾಂಬ್ಡಾ ವೈರಸ್ಸನ್ನೇ ತೆಗೆದುಕೊಂಡು, ನಿದ್ದೆಯೋ ಎಚ್ಚರವೋ ಎಂದು ಅದು ತೀರ್ಮಾನಿಸುವ ಬಗೆಯನ್ನು ಅವರು ಗೇಟು, ವಿಳಂಬ, ಸಂಕೇತಗಳ ನಕ್ಷೆಯಾಗಿ ಬರೆದರು. ವಿದ್ಯುತ್ ಎಂಜಿನಿಯರ್ ಒಬ್ಬ ಅದನ್ನು ನೋಡಿದರೆ ಅರೆಕ್ಷಣ ಯಾವುದೋ ರೇಡಿಯೊದ ನಕ್ಷೆ ಅಂದುಕೊಳ್ಳಬೇಕು, ಹಾಗಿತ್ತು.

ಓದುವುದು ಬೇರೆ, ಬರೆಯುವುದು ಬೇರೆ. ಬರೆಯುವ ಆಸೆ ಬಂದದ್ದು ಚಿಪ್ಪಿನ ಕಸುಬಿನವರಿಗೆ, ಅದಕ್ಕೆ ಕಾರಣವೂ ಇತ್ತು.

1970ರ ದಶಕದವರೆಗೆ ಚಿಪ್ಪನ್ನು ಯೋಚಿಸುವವರೂ ಅಚ್ಚು ಹಾಕುವವರೂ ಒಂದೇ ಕಾರ್ಖಾನೆಯ ಜನ. ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ ಮತ್ತು ಜೆರಾಕ್ಸ್ ಕಂಪನಿಯ ಲಿನ್ ಕಾನ್ವೇ ಆ ಗಂಟನ್ನು ಬಿಡಿಸಿದರು. ಕೆಲವು ಸರಳ ನಿಯಮ ಪಾಲಿಸಿದರೆ ಸಾಕು, ಸಿಲಿಕಾನ್ ಹೇಗೆ ಬೇಯುತ್ತದೆ ಎಂದು ಗೊತ್ತಿಲ್ಲದವನೂ ಚಿಪ್ ವಿನ್ಯಾಸ ಮಾಡಬಹುದು, ಮಾಡಿಕೊಡುವ ಫ್ಯಾಕ್ಟರಿ ಬೇರೆ ಇರುತ್ತದೆ ಎಂದರು. 1978ರಲ್ಲಿ ಕಾನ್ವೇ ಎಂಐಟಿಗೆ ಹೋಗಿ ಒಂದು ಸೆಮಿಸ್ಟರ್ ಪಾಠ ಮಾಡಿದಾಗ ವಿದ್ಯಾರ್ಥಿಗಳ ಚಿತ್ರಗಳೆಲ್ಲ ನಿಜವಾದ ಚಿಪ್ಪಾಗಿ ಬಂದವು. 1980ರಲ್ಲಿ ಇಬ್ಬರ ಪಠ್ಯಪುಸ್ತಕ ಪ್ರಕಟವಾಯಿತು. ಐದು ವರ್ಷದ ಮೇಲೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದದ್ದೂ ಇದೇ ಗಾಳಿಯಲ್ಲಿ. ಫ್ಯಾಕ್ಟರಿ ಒಂದು ಖಂಡದಲ್ಲಿ, ವಿನ್ಯಾಸ ಇನ್ನೊಂದರಲ್ಲಿ.

ಎಂಐಟಿಯ ಟಾಮ್ ನೈಟ್ ಆ ವಾತಾವರಣದಲ್ಲೇ ಬೆಳೆದವರು. 14ನೇ ವಯಸ್ಸಿಗೇ ಆ ಕ್ಯಾಂಪಸ್ಸಿಗೆ ಕಾಲಿಟ್ಟು, ಲಿಸ್ಪ್ ಯಂತ್ರ ಎಂಬ ಕಂಪ್ಯೂಟರನ್ನು ಗೆಳೆಯರ ಜೊತೆ ಕಟ್ಟಿ, ಸಿಂಬಾಲಿಕ್ಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದವರು. 1990ರ ಸುಮಾರಿಗೆ ಅವರಿಗೆ ಒಂದು ಲೆಕ್ಕ ಚುಚ್ಚತೊಡಗಿತು. ಟ್ರಾನ್ಸಿಸ್ಟರ್ ಹೀಗೇ ಕಿರಿದಾಗುತ್ತ ಹೋದರೆ ಅದರಲ್ಲಿ ಬೆರೆಸುವ ಬೆರಕೆ ಪರಮಾಣುಗಳನ್ನು ಕೈಯಲ್ಲಿ ಎಣಿಸುವ ದಿನ ಬರುತ್ತದೆ, ಒಂದರಲ್ಲಿ ಹತ್ತು ಬಿದ್ದರೆ ಪಕ್ಕದ್ದರಲ್ಲಿ ಹದಿಮೂರು ಬೀಳುತ್ತದೆ, ಆಗೇನು ಗತಿ? ಪರಮಾಣುವನ್ನು ಅದರ ಜಾಗದಲ್ಲೇ ಕೂರಿಸಬಲ್ಲ ಕುಶಲಕರ್ಮಿ ಯಾರು ಎಂದು ಹುಡುಕಿದರೆ ರಸಾಯನಶಾಸ್ತ್ರ ಎದುರಾಯಿತು, ಅದರ ಹಿಂದೆ ಜೀವಕೋಶ ನಿಂತಿತ್ತು. ಹೆರಾಲ್ಡ್ ಮೊರೊವಿಟ್ಸ್ ಎಂಬ ಜೀವಭೌತ ವಿಜ್ಞಾನಿಯ ಬರಹ ಓದಿ, ತಲೆ ನರೆಯುವ ವಯಸ್ಸಿನಲ್ಲಿ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಜೀವಶಾಸ್ತ್ರದ ಪಾಠ ಕೇಳಿದರು. 1990ರ ದಶಕದ ನಡುವಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾದ ಹಣದಿಂದ ಕಂಪ್ಯೂಟರ್ ಸೈನ್ಸ್ ಕಟ್ಟಡದಲ್ಲೇ ಇನ್‌ಕ್ಯುಬೇಟರ್, ಸೆಂಟ್ರಿಫ್ಯೂಜ್ ಇಟ್ಟು ಬ್ಯಾಕ್ಟೀರಿಯ ಬೆಳೆಸಿದರು. ಕೀಬೋರ್ಡಿನ ಪಕ್ಕ ಪೆಟ್ರಿ ತಟ್ಟೆ!

ಅವರ ಶಿಷ್ಯ ರಾನ್ ವೈಸ್ ಕಂಪ್ಯೂಟರ್ ಸೈನ್ಸ್ ವಿಭಾಗದಿಂದ 2001ರಲ್ಲಿ ಪಿಎಚ್.ಡಿ. ಪಡೆದರು. ವಿಷಯ, ಜೀವಕೋಶದೊಳಗೆ ತರ್ಕದ ಗೇಟು ಕಟ್ಟುವುದು. ಅಷ್ಟರಲ್ಲಿ ಬೇರೆ ಎರಡು ತಂಡಗಳು ಮುಂದೆ ಹೋಗಿದ್ದವು.

2000ದ ಜನವರಿ 20ರ ‘ನೇಚರ್’ ಪತ್ರಿಕೆಯಲ್ಲಿ ಒಂದರ ಬೆನ್ನಿಗೊಂದು ಎರಡು ಪ್ರಬಂಧಗಳು ಬಂದವು. ಒಂದನ್ನು ಬರೆದವರು ಬಾಸ್ಟನ್ ವಿಶ್ವವಿದ್ಯಾಲಯದ ಟಿಮ್ ಗಾರ್ಡ್ನರ್, ಚಾರ್ಲ್ಸ್ ಕ್ಯಾಂಟರ್ ಮತ್ತು ಜಿಮ್ ಕಾಲಿನ್ಸ್. ಇವರು ಎರಡು ಜೀನುಗಳನ್ನು ಎದುರುಬದುರು ಕೂರಿಸಿದರು. ಮೊದಲನೆಯದು ಎರಡನೆಯದನ್ನು ತಡೆಯುತ್ತದೆ, ಎರಡನೆಯದು ಮೊದಲನೆಯದನ್ನು. ಒಂದು ಗೆದ್ದರೆ ಇನ್ನೊಂದು ಸುಮ್ಮನಾಗಲೇಬೇಕು. ಹೊರಗಿನಿಂದ ಒಂದು ರಾಸಾಯನಿಕ ಹಾಕಿದರೆ ಸ್ಥಿತಿ ಬದಲಾಗುತ್ತದೆ, ರಾಸಾಯನಿಕ ತೊಳೆದ ಮೇಲೂ ಹಾಗೇ ಉಳಿಯುತ್ತದೆ. ಬ್ಯಾಕ್ಟೀರಿಯ ಒಡೆದು ಎರಡಾದರೆ ಮಕ್ಕಳಿಗೂ ಆ ನೆನಪು ಹೋಗುತ್ತದೆ. ಡಿಜಿಟಲ್ ಭಾಷೆಯಲ್ಲಿ ಇದು ಫ್ಲಿಪ್‌ಫ್ಲಾಪ್, ಕಂಪ್ಯೂಟರ್ ನೆನಪಿನ ಮೊಟ್ಟಮೊದಲ ಇಟ್ಟಿಗೆ.

ಇನ್ನೊಂದು ಪ್ರಬಂಧ ಪ್ರಿನ್ಸ್‌ಟನ್‌ನ ಭೌತಶಾಸ್ತ್ರ ವಿದ್ಯಾರ್ಥಿ ಮೈಕಲ್ ಎಲೊವಿಟ್ಸ್ ಮತ್ತು ಅವರ ಗುರು ಸ್ಟಾನಿಸ್ಲಾಸ್ ಲೈಬ್ಲರ್ ಅವರದು. ಅವರು ಮೂರು ಜೀನುಗಳನ್ನು ವರ್ತುಲವಾಗಿ ಕೂರಿಸಿದರು: ಒಂದು ಎರಡನ್ನು, ಎರಡು ಮೂರನ್ನು, ಮೂರು ಮತ್ತೆ ಒಂದನ್ನು ತಡೆಯುವಂತೆ. ಹೌದನ್ನು ಅಲ್ಲ ಮಾಡುವ ಇನ್ವರ್ಟರ್ ಗೇಟುಗಳನ್ನು ಮೂರು ತೆಗೆದುಕೊಂಡು ಸುತ್ತಿ ಕಟ್ಟಿದರೆ ಎಲೆಕ್ಟ್ರಾನಿಕ್ಸ್‌ನಲ್ಲಿ ರಿಂಗ್ ಆಸಿಲೇಟರ್ ಆಗುತ್ತದೆ, ಸುಮ್ಮನೆ ಮಿಡಿಯುತ್ತಿರುತ್ತದೆ. ಇಲ್ಲೂ ಬ್ಯಾಕ್ಟೀರಿಯ ಹಸಿರಾಗಿ ಹೊಳೆದು, ಮಂಕಾಗಿ, ಮತ್ತೆ ಹೊಳೆಯಿತು. ಒಂದು ಸುತ್ತಿಗೆ ಸುಮಾರು ಎರಡೂವರೆ ಗಂಟೆ. ಬಳಸಿದ ಮೂರು ತಡೆ ಪ್ರೋಟೀನುಗಳಲ್ಲಿ ಒಂದು ಮೋನೊ ಅವರ ಲ್ಯಾಕ್ಟೋಸ್‌ನದು, ಇನ್ನೊಂದು ಜಾಕೊಬ್ ಅವರ ಲ್ಯಾಂಬ್ಡಾದ್ದು. ಪ್ಯಾರಿಸ್ಸಿನ ಅಟ್ಟದ ಸಾಮಾನು 40 ವರ್ಷದ ಮೇಲೂ ಕೆಲಸಕ್ಕೆ ಬಂತು.

ಪತ್ರಿಕೆಗಳು ಇದನ್ನು ‘ಜೀವಂತ ಗಡಿಯಾರ’ ಎಂದು ಕೊಂಡಾಡಿದವು. ಆದರೆ ಪ್ರಬಂಧದಲ್ಲೇ ಇನ್ನೊಂದು ಮಾತು ಅಡಗಿತ್ತು. ಮಿಡಿದದ್ದು ಸುಮಾರು ಶೇಕಡಾ 40ರಷ್ಟು ಕೋಶಗಳು ಮಾತ್ರ. ಮಿಡಿದವೂ ತಾಳ ತಪ್ಪಿದ ಭಜನಾ ಮಂಡಳಿಯ ಹಾಗೆ; ಒಂದೇ ತಾಯಿಯಿಂದ ಒಡೆದ ಅವಳಿ ಕೋಶಗಳು ಸ್ವಲ್ಪ ಹೊತ್ತಿನಲ್ಲೇ ಬೇರೆ ಬೇರೆ ಲಯ ಹಿಡಿದವು. ಗಿಲೆಸ್ಪಿಯ ದಾಳ ಉರುಳುತ್ತಿತ್ತು. ಒಂದು ಕೋಶದಲ್ಲಿ ತಡೆ ಪ್ರೋಟೀನಿನ ಕೆಲವೇ ಅಣುಗಳು ಇರುವಾಗ ಒಂದೆರಡು ಹೆಚ್ಚುಕಡಿಮೆ ಆದರೂ ಲೆಕ್ಕ ತಪ್ಪುತ್ತದೆ. ಟ್ರಾನ್ಸಿಸ್ಟರಿನ ಬೆರಕೆ ಪರಮಾಣುವಿನ ತಲೆನೋವಿನಿಂದ ತಪ್ಪಿಸಿಕೊಳ್ಳಲು ಟಾಮ್ ನೈಟ್ ಯಾವ ಮನೆ ಹೊಕ್ಕರೋ ಅಲ್ಲೂ ಅದೇ ತಲೆನೋವು ಕಾದು ಕೂತಿತ್ತು ಅನ್ನಿ.

ಈ ಗದ್ದಲದ ಲೆಕ್ಕಶಾಸ್ತ್ರವನ್ನು ಮೊದಮೊದಲು ಬಿಡಿಸಿದವರಲ್ಲಿ ಮುಕುಂದ್ ತಟ್ಟೈ ಒಬ್ಬರು. ಎಂಐಟಿಯಲ್ಲಿ ಅಲೆಕ್ಸಾಂಡರ್ ವಾನ್ ಔಡೆನಾರ್ಡೆನ್ ಅವರ ಜೊತೆ 2001ರಲ್ಲಿ ಅವರು ಬರೆದ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಆಮೇಲೆ ಅವರು ಬೆಂಗಳೂರಿಗೆ ಬಂದು, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸೇರಿದರು.

ಗದ್ದಲಕ್ಕಿಂತ ದೊಡ್ಡ ತೊಡಕು ತಂತಿಯದು. ಚಿಪ್ಪಿನಲ್ಲಿ ಸಾವಿರ ಗೇಟು ಇದ್ದರೂ ಎಲ್ಲವೂ ಒಂದೇ ಬಗೆಯವು, ಯಾಕೆಂದರೆ ಇದರ ಮಾತು ಅದಕ್ಕೆ ಕೇಳದಂತೆ ನಡುವೆ ತಂತಿ, ಬೇಲಿ ಇವೆ. ಜೀವಕೋಶ ಹಾಗಲ್ಲ, ಅದು ಗೋಡೆಯಿಲ್ಲದ ಒಂದೇ ಅಂಕಣದ ಮನೆ. ಯಾರು ಮಾತಾಡಿದರೂ ಎಲ್ಲರಿಗೂ ಕೇಳುತ್ತದೆ. ಆದ್ದರಿಂದ ಒಂದು ಗೇಟಿಗೆ ಬಳಸಿದ ತಡೆ ಪ್ರೋಟೀನನ್ನು ಅದೇ ಕೋಶದಲ್ಲಿ ಇನ್ನೊಂದು ಗೇಟಿಗೆ ಬಳಸುವಂತಿಲ್ಲ. ಪ್ರತಿ ಗೇಟಿಗೂ ಹೊಸ ಪ್ರೋಟೀನು ಬೇಕು, ಒಂದರ ಗುಣ ಇನ್ನೊಂದಕ್ಕಿಲ್ಲ. ಅದರ ಮೇಲೆ ಇವೆಲ್ಲ ಬ್ಯಾಕ್ಟೀರಿಯದ ಅನ್ನವನ್ನೇ ತಿಂದು ಬದುಕಬೇಕು. ಗೇಟು ಹೆಚ್ಚಾದಷ್ಟೂ ಕೋಶ ಸೊರಗುತ್ತದೆ. ಸೊರಗಿದ ಕೋಶಗಳ ನಡುವೆ ಯಾವುದೋ ಒಂದು ಸರ್ಕ್ಯೂಟನ್ನು ಮುರಿದುಕೊಂಡು ಹಗುರಾದರೆ, ಮರುದಿನದ ಹೊತ್ತಿಗೆ ತಟ್ಟೆಯ ತುಂಬ ಅದರದೇ ಸಂತಾನ.

ಟಾಮ್ ನೈಟ್ ಇದಕ್ಕೆ ಹಿಡಿದದ್ದು ಎಂಜಿನಿಯರನ ದಾರಿ. 1864ರಲ್ಲಿ ಫಿಲಡೆಲ್ಫಿಯದ ವಿಲಿಯಂ ಸೆಲ್ಲರ್ಸ್ ದೇಶಕ್ಕೆಲ್ಲ ಒಂದೇ ಅಳತೆಯ ತಿರುಪುಮೊಳೆ ಇರಲಿ ಎಂದು ವಾದಿಸಿದ್ದ. ಅದಕ್ಕೆ ಮೊದಲು ಒಬ್ಬ ಕಮ್ಮಾರ ಮಾಡಿದ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂರುತ್ತಿರಲಿಲ್ಲ. ಜೀನುಗಳ ಗತಿಯೂ ಹಾಗೇ ಇತ್ತು; ಪ್ರತಿ ಪ್ರಯೋಗಾಲಯವೂ ತನ್ನದೇ ರೀತಿಯಲ್ಲಿ ಕತ್ತರಿಸಿ ಅಂಟಿಸುತ್ತಿತ್ತು. 2003ರಲ್ಲಿ ನೈಟ್ ‘ಬಯೋಬ್ರಿಕ್’ ಎಂಬ ಪದ್ಧತಿ ಸೂಚಿಸಿದರು. ಡಿಎನ್‌ಎಯ ಪ್ರತಿ ತುಂಡಿನ ಎರಡು ತುದಿಗೂ ಗೊತ್ತಾದ ಕತ್ತರಿ ಗುರುತುಗಳಿರಬೇಕು. ಎರಡನ್ನು ಅಂಟಿಸಿದರೆ ಬರುವ ದೊಡ್ಡ ತುಂಡಿಗೂ ಅದೇ ತುದಿಗಳಿರಬೇಕು. ಹೊಲಿದ ಜಾಗದಲ್ಲಿ ಸಣ್ಣದೊಂದು ಗಾಯದ ಕಲೆ ಉಳಿಯುತ್ತದೆ, ಇನ್ನು ಮುಂದೆ ಯಾವ ಕತ್ತರಿಯೂ ಅಲ್ಲಿ ಆಡುವುದಿಲ್ಲ. ಯುವ ಸಹೋದ್ಯೋಗಿ ಡ್ರೂ ಎಂಡಿ ಜೊತೆ ಸೇರಿ ಈ ತುಂಡುಗಳಿಗೆ ಒಂದು ಉಗ್ರಾಣವನ್ನೂ ತೆರೆದರು. ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಐಸಿ ನಂಬರ್ ಹೇಳಿ ಕೇಳುತ್ತೇವಲ್ಲ, ಹಾಗೆ ನಂಬರ್ ಹೇಳಿ ಜೀನು ತರಿಸಿಕೊಳ್ಳುವುದು.

ಅದೇ 2003ರ ಜನವರಿಯಲ್ಲಿ, ಸೆಮಿಸ್ಟರುಗಳ ನಡುವಿನ ಬಿಡುವಿನಲ್ಲಿ, ಎಂಐಟಿ ವಿದ್ಯಾರ್ಥಿಗಳಿಗೆ ಇದರದೊಂದು ಪುಟ್ಟ ಶಿಬಿರ ನಡೆಯಿತು. 2004ರಲ್ಲಿ ಅದು ಐದು ವಿಶ್ವವಿದ್ಯಾಲಯಗಳ ಸ್ಪರ್ಧೆಯಾಯಿತು, ಹೆಸರು ‘ಐಜೆಮ್’. ಟೆಕ್ಸಸ್‌ನ ಹುಡುಗರು ಬೆಳಕು ಬಿದ್ದರೆ ಬಣ್ಣ ತಡೆಯುವ ಬ್ಯಾಕ್ಟೀರಿಯ ಮಾಡಿ ತಟ್ಟೆಯ ಮೇಲೆ ಫೋಟೊ ಮೂಡಿಸಿದರು. ಪ್ರೋಗ್ರಾಮಿಂಗ್ ಕಲಿಯುವವರೆಲ್ಲ ಮೊದಲ ದಿನ ತೆರೆಯ ಮೇಲೆ ಬರೆಸುವ ‘ಹಲೋ ವರ್ಲ್ಡ್’ ಎಂಬ ಎರಡು ಪದವನ್ನು ಅದು ಬರೆಯಿತು. 2006ರಲ್ಲಿ ಎಂಐಟಿ ತಂಡ ಬ್ಯಾಕ್ಟೀರಿಯದ ಸಹಜವಾದ ದುರ್ವಾಸನೆ ತೆಗೆದು, ಬೆಳೆಯುವಾಗ ಪುದೀನದಂತೆ, ಬೆಳೆದು ನಿಂತ ಮೇಲೆ ಬಾಳೆಹಣ್ಣಿನಂತೆ ಪರಿಮಳಿಸುವ ಹಾಗೆ ಮಾಡಿತು. ಅದೇ ವರ್ಷ ಎನ್‌ಸಿಬಿಎಸ್‌ನಿಂದ ಬೆಂಗಳೂರಿನ ತಂಡವೂ ಬಾಸ್ಟನ್ ವಿಮಾನ ಹತ್ತಿತು.

ಬೆಂಗಳೂರಿನದೇ ಇನ್ನೊಂದು ತಂಡದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2009ರಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು, ಅಂದರೆ ಚಿತ್ರ, ವಿನ್ಯಾಸ ಕಲಿಯುವವರು, ಎನ್‌ಸಿಬಿಎಸ್ ನೆರವಿನಿಂದ ಐಜೆಮ್‌ಗೆ ಹೋದರು. ಎಂಜಿನಿಯರುಗಳು ಗೇಟು, ಗಡಿಯಾರ ಎನ್ನುತ್ತಿದ್ದಾಗ ಇವರು ಆರಿಸಿಕೊಂಡದ್ದು ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಗೆ ಕಾರಣ ಜಿಯೊಸ್ಮಿನ್ ಎಂಬ ಅಣು. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಗಳು ಅದನ್ನು ತಯಾರಿಸುತ್ತವೆ. ಆ ಜೀನನ್ನು ಇ. ಕೋಲೈಗೆ ಕೊಟ್ಟು ಪರೀಕ್ಷಾ ನಳಿಕೆಯಲ್ಲಿ ಮುಂಗಾರಿನ ವಾಸನೆ ಬರಿಸುವುದು ಅವರ ಯೋಜನೆ. ತರ್ಕದ ಗೇಟಿನ ದೃಷ್ಟಿಯಿಂದ ಇದರಲ್ಲಿ ದೊಡ್ಡ ಜಾಣತನ ಇಲ್ಲದಿರಬಹುದು. ಆದರೆ ಉಗ್ರಾಣದ ಸಾಮಾನು ಯಾರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ.

ಉಗ್ರಾಣವೇನೋ ತುಂಬಿತು, ತುಂಡುಗಳು ಮಾತ್ರ ನಂಬಿಕಸ್ಥ ಆಗಲಿಲ್ಲ. ಒಂದೆಡೆ ಕೆಲಸ ಮಾಡಿದ ಜೀನು ಇನ್ನೊಂದರ ಪಕ್ಕ ಕೂರಿಸಿದರೆ ಮುನಿಸಿಕೊಳ್ಳುತ್ತಿತ್ತು. ಉಗ್ರಾಣಕ್ಕೂ ಮೊದಲೇ ರಾನ್ ವೈಸ್ ಅವರದೇ ಒಂದು ಸರ್ಕ್ಯೂಟು ಹೀಗೆ ಕೈಕೊಟ್ಟಾಗ, ಕ್ಯಾಲ್‌ಟೆಕ್‌ನ ಫ್ರಾನ್ಸಿಸ್ ಆರ್ನಾಲ್ಡ್ ಅವರ ಜೊತೆ ಸೇರಿ ಅವರು ಒಂದು ಕಿಡಿಗೇಡಿ ಉಪಾಯ ಮಾಡಿದರು. ಲೆಕ್ಕ ಸರಿಪಡಿಸುತ್ತ ಕೂರುವ ಬದಲು ಆ ಜೀನಿನಲ್ಲಿ ಮನಬಂದಂತೆ ತಪ್ಪುಗಳನ್ನು ಹುಟ್ಟಿಸಿ, ಸಾವಿರಾರು ಬ್ಯಾಕ್ಟೀರಿಯಗಳಲ್ಲಿ ಸರಿಯಾಗಿ ನಡೆದುಕೊಂಡವನ್ನು ಆರಿಸಿದರು. ಕೆಟ್ಟ ಸರ್ಕ್ಯೂಟು ರಿಪೇರಿಯಾಯಿತು. 2002ರಲ್ಲಿ ಅದು ಪ್ರಕಟವಾಯಿತು. ಸಾಲ್ಡರಿಂಗ್ ಕಬ್ಬಿಣ ಬದಿಗಿಟ್ಟು ವಿಕಾಸವನ್ನು ಕೈಗೆತ್ತಿಕೊಂಡ ಎಂಜಿನಿಯರ್ ಎಂದರೆ ಅವರೇ ಮೊದಲಿಗರಿರಬೇಕು! ಆರ್ನಾಲ್ಡ್ ಅವರಿಗೆ ಇದೇ ವಿಧಾನದಿಂದ ಕಿಣ್ವಗಳನ್ನು ಪಳಗಿಸಿದ್ದಕ್ಕೆ 2018ರಲ್ಲಿ ನೊಬೆಲ್ ಬಂತು.

ಈ ಇತಿಹಾಸದಲ್ಲಿ ಹೆಚ್ಚು ಸದ್ದು ಮಾಡದ, ಆದರೆ ಹೆಚ್ಚು ಪಾಠವಿರುವ ಅಧ್ಯಾಯ ಯೂಟಾ ವಿಶ್ವವಿದ್ಯಾಲಯದ್ದು. ಕ್ರಿಸ್ ಮೈಯರ್ಸ್ ಅಲ್ಲಿನ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ 1995ರಲ್ಲಿ ಸೇರಿದವರು. ಕ್ಯಾಲ್‌ಟೆಕ್‌ನಲ್ಲಿ ಎಂಜಿನಿಯರಿಂಗ್ ಜೊತೆಗೆ ಚೀನಾದ ಇತಿಹಾಸದಲ್ಲೂ ಪದವಿ ಪಡೆದ ಅಪರೂಪದ ಮನುಷ್ಯ. ಅವರ ಕಸುಬು ಚಿಪ್ ಲೋಕದಲ್ಲೇ ಅಲ್ಪಸಂಖ್ಯಾತರದು: ಗಡಿಯಾರವಿಲ್ಲದ ಸರ್ಕ್ಯೂಟು.

ಸಾಮಾನ್ಯ ಚಿಪ್ಪಿನಲ್ಲಿ ಒಂದು ಗಡಿಯಾರ ಮಿಡಿಯುತ್ತಿರುತ್ತದೆ. ಶಾಲೆಯ ಡ್ರಿಲ್ ಮೇಷ್ಟರ ಸೀಟಿಯಂತೆ, ಅದರ ಒಂದೊಂದು ಟಿಕ್ಕಿಗೂ ಎಲ್ಲ ಗೇಟುಗಳೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಅತಿ ನಿಧಾನದ ಹುಡುಗ ಹೆಜ್ಜೆ ಮುಗಿಸುವವರೆಗೆ ಉಳಿದವರೆಲ್ಲ ಕಾಯಬೇಕು. ಸೀಟಿಯನ್ನೇ ತೆಗೆದುಹಾಕಿ, ‘ನನ್ನದಾಯಿತು, ಇನ್ನು ನಿನ್ನದು’ ಎಂದು ಗೇಟುಗಳೇ ಪರಸ್ಪರ ಹೇಳಿಕೊಳ್ಳಲಿ ಎಂಬುದು ಮೈಯರ್ಸ್ ಪಂಥದವರ ವಾದ. 1990ರ ದಶಕದಲ್ಲಿ ಇಂಟೆಲ್ ಕಂಪನಿ ಹೀಗೆ ಗಡಿಯಾರವಿಲ್ಲದ ಒಂದು ಪರೀಕ್ಷಾ ಚಿಪ್ ಮಾಡಿತ್ತು, ಮೈಯರ್ಸ್ ಅದರಲ್ಲಿ ಕೈಜೋಡಿಸಿದ್ದರು. ಗಡಿಯಾರವಿದ್ದ ವಿನ್ಯಾಸಕ್ಕಿಂತ ಅದು ಮೂರು ಪಟ್ಟು ಕೆಲಸ ಮಾಡಿ ಅರ್ಧದಷ್ಟೇ ವಿದ್ಯುತ್ ತಿಂದಿತು. ಆದರೂ ಉದ್ಯಮ ಗಡಿಯಾರ ಬಿಡಲಿಲ್ಲ. ವಿನ್ಯಾಸದ ಸಲಕರಣೆಗಳು, ಪರೀಕ್ಷೆಯ ವಿಧಾನಗಳು, ಜನರ ರೂಢಿ ಎಲ್ಲ ಗಡಿಯಾರಕ್ಕೇ ಒಗ್ಗಿಹೋಗಿದ್ದವು.

ಚಿಪ್ಪಿನವರು ಬೇಡವೆಂದ ವಿದ್ಯೆ ಜೀವಕೋಶಕ್ಕೆ ಸರಿಯಾಗಿ ಕೂತಿತು. ಯಾಕೆಂದರೆ ಇ. ಕೋಲೈ ಒಳಗೆ ಸೀಟಿ ಊದುವ ಮೇಷ್ಟರಿಲ್ಲ. ಅಲ್ಲಿನ ಜೀನುಗಳು ಕೆಲಸ ಮಾಡುವುದು ತಮ್ಮ ತಮ್ಮ ಹೊತ್ತಿಗೆ. ಮೈಯರ್ಸ್ ಮತ್ತು ಅವರ ವಿದ್ಯಾರ್ಥಿಗಳು ‘ಐಬಯೋಸಿಮ್’ ಎಂಬ ತಂತ್ರಾಂಶ ಬರೆದರು. ಗಡಿಯಾರವಿಲ್ಲದ ಸರ್ಕ್ಯೂಟನ್ನು ಪರೀಕ್ಷಿಸಲು ಕಟ್ಟಿದ್ದ ಲೆಕ್ಕಗಳನ್ನು ಲ್ಯಾಂಬ್ಡಾ ವೈರಸ್ಸಿಗೆ ಅನ್ವಯಿಸಿದರು. ಅವರ ಮೊದಲ ಪಠ್ಯಪುಸ್ತಕ 2001ರಲ್ಲಿ ಗಡಿಯಾರವಿಲ್ಲದ ಸರ್ಕ್ಯೂಟಿನ ಮೇಲೆ, ಎರಡನೆಯದು 2009ರಲ್ಲಿ ಜೀನಿನ ಸರ್ಕ್ಯೂಟಿನ ಮೇಲೆ. ಶಾನನ್‌ನ ಎರಡು ಪ್ರಬಂಧಗಳಂತಲ್ಲದೆ, ಈ ಎರಡು ಪುಸ್ತಕಗಳ ನಡುವೆ ಸೇತುವೆಯಿತ್ತು.

ಇದರ ಉಪಯೋಗ ಏನೆಂದರೆ, ಗೇಟಿನ ಒಳಹರಿವು ಎರಡು ಕಡೆಯಿಂದ ಬದಲಾಗುವಾಗ ಒಂದು ಬೇಗ, ಒಂದು ತಡವಾಗಿ ಬಂದರೆ ನಡುವೆ ತಪ್ಪು ಉತ್ತರ ಮಿಂಚಿ ಮಾಯವಾಗುತ್ತದೆ. ಇದಕ್ಕೆ ‘ಗ್ಲಿಚ್’ ಎನ್ನುತ್ತಾರೆ. ಚಿಪ್ಪಿನಲ್ಲಿ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಮುಂದಿನ ಸೀಟಿಯವರೆಗೆ ಕಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯದ ಗೇಟು ಒಮ್ಮೆ ಬದಲಾಗಲು ಹತ್ತಾರು ನಿಮಿಷ ಬೇಕು. ಅಂದರೆ ಗ್ಲಿಚ್ ಕೂಡ ಗಂಟೆಗಟ್ಟಲೆ ಉಳಿಯಬಹುದು. ಆ ಬ್ಯಾಕ್ಟೀರಿಯ ನಾಳೆ ಯಾರದೋ ಹೊಟ್ಟೆಯಲ್ಲಿ ಔಷಧಿ ಬಿಡುಗಡೆ ಮಾಡಬೇಕಾದದ್ದಾದರೆ? ತಪ್ಪಿದ ಗಳಿಗೆಯಲ್ಲಿ ಬಿಟ್ಟ ಔಷಧಿಯನ್ನು ವಾಪಸ್ ತೆಗೆದುಕೊಳ್ಳಲಾಗದು. ಮೈಯರ್ಸ್ ತಂಡ ಎಂಐಟಿಯವರ ಜೊತೆ ಸೇರಿ 2020ರಲ್ಲಿ ಜೀನ್ ಸರ್ಕ್ಯೂಟುಗಳ ಗ್ಲಿಚ್ ಲೆಕ್ಕವನ್ನು ಪ್ರಕಟಿಸಿತು.

ಈ ಎಲ್ಲ ದಾರಿಗಳೂ ಒಂದೆಡೆ ಸೇರಿದ್ದು 2016ರ ಏಪ್ರಿಲ್‌ನಲ್ಲಿ, ‘ಸೆಲ್ಲೋ’ ಎಂಬ ತಂತ್ರಾಂಶದಲ್ಲಿ. ಎಂಐಟಿಯ ಕ್ರಿಸ್ ವಾಯ್ಟ್ ಜೀವದ ಕಡೆಯವರು. ಬಾಸ್ಟನ್ ವಿಶ್ವವಿದ್ಯಾಲಯದ ಡಗ್ಲಸ್ ಡೆನ್ಸ್‌ಮೋರ್ ಬರ್ಕ್ಲಿಯಲ್ಲಿ ಚಿಪ್ ವಿನ್ಯಾಸದ ಸಲಕರಣೆಗಳ ಬಗ್ಗೆ ಸಂಶೋಧನೆ ಮಾಡಿದವರು. ಚಿಪ್ ಎಂಜಿನಿಯರುಗಳು 1980ರ ದಶಕದಿಂದ ಬಳಸುವ ವೆರಿಲಾಗ್ ಭಾಷೆಯಲ್ಲೇ ‘ಇದೂ ಅದೂ ಇದ್ದರೆ ಹೊಳೆ, ಇಲ್ಲದಿದ್ದರೆ ಬೇಡ’ ಎಂದು ಬರೆದರೆ ಸೆಲ್ಲೋ ಅದಕ್ಕೆ ಡಿಎನ್‌ಎಯ ಅಕ್ಷರಮಾಲೆ ಬರೆದುಕೊಡುತ್ತದೆ. ನಡುವೆ ತರ್ಕವನ್ನು ಚಿಕ್ಕದು 
ಮಾಡುವ ಕೆಲಸಕ್ಕೆ ಬರ್ಕ್ಲಿಯವರು ಚಿಪ್ಪಿಗೆಂದೇ ಬರೆದಿದ್ದ ತಂತ್ರಾಂಶವನ್ನು ಬಳಸಿಕೊಂಡರು. ಯಾವ ಗೇಟಿಗೆ ಯಾವ ಪ್ರೋಟೀನು ಎಂಬುದು ಮಾತ್ರ ಜಾತಕ ಕೂಡಿಸುವ ಹಾಗೆ. ಒಂದರ ‘ಹತ್ತು’ ಇನ್ನೊಂದಕ್ಕೆ ‘ಹತ್ತು’ ಎಂದೇ ಕೇಳಬೇಕು. ಅದಕ್ಕೂ ಸಿಲಿಕಾನ್ ಹಲಗೆಯ ಮೇಲೆ ಗೇಟು ಜೋಡಿಸಲು ಬಳಸುತ್ತಿದ್ದ ಹಳೆಯ ಲೆಕ್ಕವನ್ನೇ ತಂದರು.

ಒಟ್ಟು 60 ಸರ್ಕ್ಯೂಟುಗಳು, ಡಿಎನ್‌ಎಯ ಸುಮಾರು 8,80,000 ಅಕ್ಷರಗಳು. ತಂತ್ರಾಂಶ ಹೇಳಿದಂತೆ ಕಟ್ಟಿ, ಆಮೇಲೆ ಯಾವುದನ್ನೂ ತಿದ್ದದೆ ಪರೀಕ್ಷಿಸಿದರು. 45 ಸರ್ಕ್ಯೂಟುಗಳು ಎಲ್ಲ ಸ್ಥಿತಿಯಲ್ಲೂ ಸರಿ ಉತ್ತರ ಕೊಟ್ಟವು. ಸ್ಥಿತಿಗಳನ್ನು ಒಂದೊಂದಾಗಿ ಎಣಿಸಿದರೆ ಶೇಕಡಾ 92 ಸರಿ. ಅತಿ ದೊಡ್ಡದರಲ್ಲಿ ಹತ್ತು ನಿಯಂತ್ರಕ ಜೀನುಗಳು. ಜೀವಶಾಸ್ತ್ರದವರು ಚಪ್ಪಾಳೆ ತಟ್ಟಿದರು, ತಟ್ಟಬೇಕಾದದ್ದೇ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಚಿಪ್ ಪರೀಕ್ಷಿಸುವವರ ಮುಂದೆ ಇದೇ ಅಂಕಪಟ್ಟಿ ಇಟ್ಟರೆ ಅವರು ಬೆಚ್ಚಿಬೀಳುತ್ತಾರೆ. ನಾಲ್ಕರಲ್ಲೊಂದು ಕೆಟ್ಟ ವಿನ್ಯಾಸ, ಅದೂ ಹೆಚ್ಚೆಂದರೆ ಹತ್ತು ಜೀನಿನದು! ಎರಡು ಪ್ರತಿಕ್ರಿಯೆಗಳೂ ನ್ಯಾಯವೇ.

ಹಾಗಾದರೆ ಡಿಜಿಟಲ್ ಕಸುಬಿನಿಂದ ಜೀವಕೋಶಕ್ಕೆ ನಿಜವಾಗಿ ದಾಟಿದ್ದೇನು? ಗೇಟು ಎಂದು ಹೇಳುವುದು ಸುಲಭ. ಈ ಲೇಖಕನ ಮಟ್ಟಿಗೆ ಗೇಟು ದಾಟಿದ್ದು ಕಡಿಮೆ, ಶಿಸ್ತು ದಾಟಿದ್ದು ಹೆಚ್ಚು. ಬಿಡಿಭಾಗಕ್ಕೊಂದು ಅಳತೆಪಟ್ಟಿ, ನಕ್ಷೆಗೊಂದು ಎಲ್ಲರೂ ಓದುವ ಲಿಪಿ, ವಿನ್ಯಾಸ ಮಾಡುವವರಿಗೂ ಕಟ್ಟುವವರಿಗೂ ನಡುವೆ ಒಂದು ಒಪ್ಪಂದ. ಮೈಯರ್ಸ್ ಮತ್ತಿತರರು ಸೇರಿ ಕಟ್ಟಿದ ‘ಎಸ್‌ಬಿಒಎಲ್’ ಎಂಬ ಲಿಪಿ 2014ರಲ್ಲಿ ಪ್ರಬಂಧವಾಗಿ ಬಂತು. ಕಂಪ್ಯೂಟರಿನಂತೆ ಲೆಕ್ಕ ಮಾಡುವ ಬ್ಯಾಕ್ಟೀರಿಯ ಬರುತ್ತದೆ ಎಂದು ಕಾದವರಿಗೆ ನಿರಾಶೆಯಾಗಿದೆ. ನಿಜ ಹೇಳಬೇಕೆಂದರೆ, ಗೇಟು ಬದಲಾಗಲು ಹತ್ತಾರು ನಿಮಿಷ ತೆಗೆದುಕೊಳ್ಳುವ ಯಂತ್ರದಲ್ಲಿ ಲೆಕ್ಕ ಮಾಡಿಸುವ ಆಸೆಯೇ ವಿಚಿತ್ರ.

ಎಲೊವಿಟ್ಸ್ ಅವರ ತಾಳ ತಪ್ಪಿದ ಭಜನಾ ಮಂಡಳಿಗೆ ಏನಾಯಿತು? ಅದೂ 2016ರಲ್ಲೇ ಸರಿಹೋಯಿತು. ಹಾರ್ವರ್ಡ್‌ನ ಯೋಹಾನ್ ಪೌಲ್ಸನ್ ಮತ್ತು ಸಂಗಡಿಗರು ಗದ್ದಲ ಎಲ್ಲೆಲ್ಲಿ ನುಸುಳುತ್ತದೆ ಎಂದು ಒಂದೊಂದಾಗಿ ಹುಡುಕಿ, ಹೊಸದೇನನ್ನೂ ಹೆಚ್ಚು ಸೇರಿಸದೆ, ಮೊದಲ ವಿನ್ಯಾಸದಿಂದಲೇ ಕೆಲವು ಭಾಗಗಳನ್ನು ಕಿತ್ತುಹಾಕಿದರು. ಅದೇ ಮೂರು ಜೀನುಗಳು. ಈಗ ಒಂದು ಬೋಗುಣಿಯಷ್ಟು ಬ್ಯಾಕ್ಟೀರಿಯಗಳು, ಪರಸ್ಪರ ಮಾತೇ ಆಡದೆ, ಒಟ್ಟಿಗೆ ಹೊಳೆದು ಒಟ್ಟಿಗೆ ಮಂಕಾದವು. ಹಗುರ ಮಾಡಿದ್ದರಿಂದಲೇ ಗಡಿಯಾರ ಸರಿಯಾಯಿತು.

ನೈಟ್ ಎಂಐಟಿಯಲ್ಲಿ ಓದಿದ ರೇಷ್ಮಾ ಶೆಟ್ಟಿ, ಬ್ಯಾರಿ ಕ್ಯಾಂಟನ್, ಜೇಸನ್ ಕೆಲಿ, ಆಸ್ಟಿನ್ ಚೆ ಜೊತೆ 2008ರಲ್ಲಿ ಗಿಂಕ್ಗೊ ಬಯೋವರ್ಕ್ಸ್ ಕಂಪನಿ ತೆರೆದರು. 2021ರಲ್ಲಿ ಅದು ಷೇರುಪೇಟೆಗೆ ಬಂದಾಗ ಬೆಲೆ ಆಕಾಶದಲ್ಲಿತ್ತು, ಆಮೇಲೆ ಪಾತಾಳಕ್ಕೆ ಇಳಿಯಿತು. ವಿನ್ಯಾಸದವರಿಗೂ ಕಾರ್ಖಾನೆಗೂ ನಡುವೆ ಮೀಡ್ ಮತ್ತು ಕಾನ್ವೇ ಎಳೆದ ಗೆರೆ ಜೀವದ ವ್ಯಾಪಾರದಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಶಾನನ್‌ನ ಜೀನಿನ ಪ್ರಬಂಧ ಕೊನೆಗೂ 1993ರಲ್ಲಿ, ಅವನ ಸಮಗ್ರ ಬರಹಗಳ ಸಂಪುಟದಲ್ಲಿ ಅಚ್ಚಾಯಿತು, ಬರೆದು 53 ವರ್ಷದ ಮೇಲೆ.

ಸೆಲ್ಲೋ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಅದರ ಮೂಲ ಕೋಡು ಎಲ್ಲರಿಗೂ ತೆರೆದಿದೆ. ವೆರಿಲಾಗ್ ಬಲ್ಲವರು ಬೆಂಗಳೂರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ, ಜೀನು ಬಲ್ಲವರು ಜಿಕೆವಿಕೆಯಲ್ಲಿದ್ದಾರೆ. ಹೆಬ್ಬಾಳದ ಫ್ಲೈಓವರ್ ದಾಟಿ ಅಲ್ಲಿಗೊಮ್ಮೆ ಹೋಗಿಬರಬೇಕು.